ವಿದ್ಯುತ್ಕಾಂತೀಯ ಕವಾಟಗಳು: ಉಷ್ಣತೆಯ ಏರಿಳಿತದಲ್ಲಿ ದೋಷಪರೀಕ್ಷೆ

ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ನೆಲೆಗೊಂಡಂದಿನಿಂದ ಆಹಾರ ಸಂರಕ್ಷಣೆಯ ವಿಚಾರವು ಮೈಸೂರಿನ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ ಆಗಿದೆ. ಶೀತಲಗೃಹದ ಕೊಳವೆಯಲ್ಲಿ ಶೈತ್ಯಕಾರಕ ದ್ರವದ ಹರಿವನ್ನು ತಡೆಯುವುದೂ ಬಿಡುವುದೂ ಒಂದು ಪುಟ್ಟ ವಿದ್ಯುತ್ಕಾಂತೀಯ ಕವಾಟದ ಕೆಲಸ. ಅದು ತೆರೆಯದಿದ್ದರೆ ಒಳಗಿನ ಪದಾರ್ಥವೆಲ್ಲ ಕೆಡುತ್ತದೆ. ಅನಿಲದ ಕೊಳವೆಯಲ್ಲಿ ಅದು ಮುಚ್ಚದಿದ್ದರೆ ಪ್ರಾಣಕ್ಕೇ ಅಪಾಯ. ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ಬಿಡುವುದೂ ಇಂಥದೇ ಕವಾಟ.

ಇದರ ರಚನೆ ಸರಳ. ತಾಮ್ರದ ತಂತಿಯ ಸುರುಳಿ, ಅದರೊಳಗೆ ಚಲಿಸುವ ಕಬ್ಬಿಣದ ದಂಡ, ದಂಡವನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗು, ರಂಧ್ರವನ್ನು ಮುಚ್ಚುವ ರಬ್ಬರಿನ ಬಿಲ್ಲೆ. ವಿದ್ಯುತ್ತು ಹರಿದಾಗ ಸುರುಳಿಯು ಕಾಂತವಾಗಿ ದಂಡವನ್ನು ಸೆಳೆಯುತ್ತದೆ. ನಿಂತಾಗ ಸ್ಪ್ರಿಂಗು ಅದನ್ನು ಸ್ವಸ್ಥಾನಕ್ಕೆ ಮರಳಿಸುತ್ತದೆ.

ಉಷ್ಣತೆಯ ಪ್ರಭಾವ

ಸಾಮಾನ್ಯ ಉಷ್ಣತೆಯಲ್ಲಿ ತಾಮ್ರದ ರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 100 ಓಮ್ ಇರುವ ಸುರುಳಿಯನ್ನು 24 ವೋಲ್ಟಿನ ನೇರ ವಿದ್ಯುತ್ತಿಗೆ ಜೋಡಿಸಿದರೆ 240 ಮಿಲಿಆಂಪೇರ್ ಹರಿಯುತ್ತದೆ. ಕೆಲಸ ಮಾಡುತ್ತ ಅದು 70 ಡಿಗ್ರಿಗೆ ಕಾದಾಗ ರೋಧ ಸುಮಾರು 120 ಓಮ್ ಆಗಿ, ಪ್ರವಾಹ 200ಕ್ಕೆ ಇಳಿಯುತ್ತದೆ. ಸೆಳೆತದ ಬಲವು ಸ್ಥೂಲವಾಗಿ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ಶೇಕಡ 30ರಷ್ಟು ಕುಗ್ಗುತ್ತದೆ. ಬೆಳಿಗ್ಗೆ ಸರಿಯಾಗಿ ತೆರೆದ ಕವಾಟವು ಮಧ್ಯಾಹ್ನ ಮುಷ್ಕರ ಹೂಡುವುದರ ರಹಸ್ಯವಿದು.

ಮರೆಯಾಗುವ ದೋಷ

ಸುರುಳಿಯ ತಂತಿ ತುಂಡಾಗಿದ್ದರೆ ಓಮ್‌ಮಾಪಕವು ಅನಂತ ರೋಧವನ್ನು ತೋರಿಸುತ್ತದೆ. ಅದನ್ನು ಪತ್ತೆಹಚ್ಚುವುದು ಸುಲಭ. ಆದರೆ ತಂತಿಯ ಮೇಲ್ಲೇಪ ಸುಟ್ಟು ಕೆಲವು ಸುತ್ತುಗಳು ಒಂದಕ್ಕೊಂದು ತಗುಲಿದ್ದರೆ ರೋಧ ಇಳಿಯುತ್ತದೆ. ಉಷ್ಣತೆ ಏರಿಸುವುದನ್ನು ಈ ದೋಷ ಇಳಿಸುವುದರಿಂದ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಮೇಲಿನ ಸುರುಳಿಯು 70 ಡಿಗ್ರಿಯಲ್ಲಿ 100 ಓಮ್ ತೋರಿಸಿತೆನ್ನೋಣ. ಫಲಕದ ಅಂಕಿಯನ್ನಷ್ಟೇ ನೋಡುವವನು 'ಸರಿಯಾಗಿದೆ' ಎಂದು ಬಿಟ್ಟುಬಿಡುತ್ತಾನೆ. ವಾಸ್ತವದಲ್ಲಿ ಅದರ ರೋಧದ ಆರನೆಯ ಒಂದು ಭಾಗ ನಷ್ಟವಾಗಿದೆ!

ಋತುಭೇದವೂ ಗಣನೀಯ. ಮೈಸೂರಿನ ಜನವರಿಯ ಬೆಳಗಿನ ಜಾವ 16 ಡಿಗ್ರಿಯ ಸುಮಾರಿನಲ್ಲಿ ಅದೇ ಸುರುಳಿ 98 ಓಮ್ ತೋರಿಸಿದರೆ, ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ 106 ತೋರಿಸುತ್ತದೆ. ಈ ಏಳೆಂಟು ಓಮಿನ ವ್ಯತ್ಯಾಸ ದೋಷವಲ್ಲ, ಪ್ರಕೃತಿನಿಯಮ.

ಪರೀಕ್ಷಾಕ್ರಮ

ಮೊದಲು ವಿದ್ಯುತ್ ಸಂಪರ್ಕವನ್ನು ಕಡಿದು, ಸುರುಳಿಯ ಉಷ್ಣತೆ ಹಾಗೂ ರೋಧಗಳೆರಡನ್ನೂ ಅಳೆದು ಬರೆದಿಡಬೇಕು. ಬಳಿಕ ರೋಧವನ್ನು 20 ಡಿಗ್ರಿಯ ಮೌಲ್ಯಕ್ಕೆ ಪರಿವರ್ತಿಸಿ, ಹೊಸದರಲ್ಲಿದ್ದ ಮೌಲ್ಯದೊಡನೆ ಹೋಲಿಸಬೇಕು.

ರೋಧ ಸರಿಯಾಗಿದ್ದೂ ದಂಡ ಸಿಕ್ಕಿಕೊಂಡಿರಬಹುದು. ಇಲ್ಲಿ ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ಕಾಂತೀಯ ಪ್ರೇರಣೆ ನೆರವಾಗುತ್ತದೆ. ಸ್ವಿಚ್ಚು ಹಾಕಿದೊಡನೆ ಪ್ರವಾಹ ಏರತೊಡಗುತ್ತದೆ. ದಂಡವು ಚಲಿಸುವಾಗ ವಿರುದ್ಧ ವೋಲ್ಟೇಜು ಹುಟ್ಟಿ ಪ್ರವಾಹ ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ. ಆಸಿಲೋಸ್ಕೋಪಿನ ರೇಖೆಯಲ್ಲಿ ಈ ತಗ್ಗು ಕಾಣದಿದ್ದರೆ ದಂಡವು ಅಲುಗಿಲ್ಲವೆಂದೇ ಶಂಕಿಸಬೇಕು. ಸುರುಳಿ ಬಿಸಿಯಾದಷ್ಟೂ ತಗ್ಗು ತಡವಾಗಿ ಮೂಡುವುದರಿಂದ, ಸಮಾನ ಉಷ್ಣತೆಯ ರೇಖೆಗಳನ್ನೇ ಹೋಲಿಸಬೇಕು. ದಂಡ ಚಲಿಸಿಯೂ ಸೋರಿಕೆ ನಿಲ್ಲದಿದ್ದರೆ ರಬ್ಬರಿನ ಬಿಲ್ಲೆಯನ್ನೂ, ಅದರಡಿ ಸಿಕ್ಕಿರಬಹುದಾದ ಕಸವನ್ನೂ ನೋಡತಕ್ಕದ್ದು.

ಉಷ್ಣತೆಯನ್ನು ಬರೆಯದ ರೋಧದ ಅಂಕಿ ಅರ್ಧ ಮಾತ್ರ ಸತ್ಯ. ಅಳತೆಯೊಡನೆ ಅಳೆದ ಸನ್ನಿವೇಶವನ್ನೂ ದಾಖಲಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳು ಶಾಲೆಯ ಪ್ರಯೋಗಶಾಲೆಯಲ್ಲಿಯೇ ರೂಢಿಸಿಕೊಳ್ಳುವುದು ಶ್ರೇಯಸ್ಕರ.