ಜಯದ ಸುಳಿವಿಲ್ಲದ ವರ್ಷಗಳು

ಫ್ರ್ಯಾಂಕ್ ಕ್ಯಾಮೆನಿಯವರನ್ನು ಕುರಿತು ಒಂದು ಸಾಕ್ಷ್ಯಚಿತ್ರವನ್ನು, ಯಾವ ದೂರದರ್ಶನ ಸಂಸ್ಥೆಯ ಆಶ್ರಯವೂ ಇಲ್ಲದೆ, ಸ್ವತಂತ್ರವಾಗಿ ತಯಾರಿಸಬೇಕೆಂದು ನಾನು ಸಂಕಲ್ಪಿಸಿದ ಕಾಲಕ್ಕೆ ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಮೇರಿಲೆಂಡಿನಲ್ಲಿ ನೆಲಸಿ, ಪರರ ಚಿತ್ರಗಳ ಸಂಕಲನದಿಂದ ಜೀವನ ಸಾಗಿಸುತ್ತಿದ್ದ ನನಗೆ ಆ ಹೆಸರು ಮೊದಲು ಪರಿಚಯವಾದದ್ದು ಒಂದು ಪುಸ್ತಕದ ಅಡಿಟಿಪ್ಪಣಿಯಿಂದ. ಸಲಿಂಗಪ್ರೇಮಿಯೆಂಬ ಕಾರಣಕ್ಕೆ ಸರಕಾರ ತನ್ನನ್ನು ಕೆಲಸದಿಂದ ತೆಗೆದುಹಾಕಿದ್ದನ್ನು ಪ್ರಶ್ನಿಸಿ, ವಕೀಲನ ನೆರವಿಲ್ಲದೆ ತಾನೇ ಮನವಿಯನ್ನು ಬರೆದು, ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟ ಒಬ್ಬ ಖಗೋಳವಿಜ್ಞಾನಿಯ ವಿಷಯವನ್ನು ಆ ಟಿಪ್ಪಣಿ ಹೇಳಿ ಅಷ್ಟಕ್ಕೇ ನಿಂತುಬಿಟ್ಟಿತ್ತು. ಆ ಚಿತ್ರದ ಕೆಲಸ ನನಗೆ ಕಲಿಸಿದ್ದರಲ್ಲಿ ಕೆಲವಂಶಗಳನ್ನು, ಇಂಥ ಕಾರ್ಯಕ್ಕೆ ಕೈಹಾಕಲೆಣಿಸುವ ಕನ್ನಡಿಗರಿಗೆ ಉಪಯುಕ್ತವಾದೀತೆಂಬ ನಂಬಿಕೆಯಿಂದ, ಇಲ್ಲಿ ಬರೆದಿಡುತ್ತೇನೆ.

ಕ್ಯಾಮೆನಿಯವರು 1925ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಯೂರೋಪಿನ ರಣಭೂಮಿಯನ್ನು ಕಂಡು ಬಂದರು. ಕಾಂತಿಯಲ್ಲಿ ಏರಿಳಿತವನ್ನು ತೋರುವ ನಕ್ಷತ್ರಗಳನ್ನು ಕುರಿತ ಪ್ರಬಂಧಕ್ಕಾಗಿ 1956ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದರು. ಮರುವರ್ಷ ಸೇನೆಯ ಭೂಪಟ ಇಲಾಖೆಯಲ್ಲಿ ಉದ್ಯೋಗಕ್ಕೆ ಸೇರಿದರು. ಸೋವಿಯತ್ ರಷ್ಯವು ಸ್ಪುಟ್ನಿಕ್ಕನ್ನು ಹಾರಿಸಿ, ಆಕಾಶವಿದ್ಯೆಯನ್ನು ಬಲ್ಲವರ ಅಗತ್ಯ ಅಮೆರಿಕಕ್ಕೆ ಹಿಂದೆಂದಿಗಿಂತ ಹೆಚ್ಚಾಗಿದ್ದ 1957ರ ಕೊನೆಯಲ್ಲಿಯೇ ಸರಕಾರ ಅವರನ್ನು ವಜಾ ಮಾಡಿ, ಬೇರಾವ ಕೇಂದ್ರ ಇಲಾಖೆಯೂ ಅವರನ್ನು ತೆಗೆದುಕೊಳ್ಳದಂತೆ ಬಾಗಿಲು ಮುಚ್ಚಿತು. ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿ ಹೊರಡಿಸಿದ 10450ನೆಯ ಆಜ್ಞೆ 'ಲೈಂಗಿಕ ವಿಕೃತಿ'ಯನ್ನು ಸರಕಾರಿ ನೌಕರಿಯ ಅನರ್ಹತೆಗಳಲ್ಲಿ ಒಂದಾಗಿ ಎಣಿಸಿದ ಮೇಲೆ, ಸಾವಿರಾರು ಮಂದಿ ಹಾಗೆ ಕೆಲಸ ಕಳೆದುಕೊಂಡಿದ್ದರು. ಹೆಸರು ಹೊರಬಿದ್ದರೆ ಮನೆಮಾನ ಹೋದೀತೆಂಬ ಭಯದಿಂದ ಬಹುಮಂದಿ ತಾವಾಗಿಯೇ ರಾಜೀನಾಮೆ ಬರೆದುಕೊಟ್ಟು ಮರೆಯಾದರು. ಕ್ಯಾಮೆನಿ ಮರೆಯಾಗಲಿಲ್ಲ. ದಿನಕ್ಕೆ 20 ಸೆಂಟಿನ ಆಹಾರದಲ್ಲಿ ಜೀವ ಹಿಡಿದುಕೊಂಡ ಕಾಲವನ್ನೂ ದಾಟಿ, ಕೆಳಗಿನ ನ್ಯಾಯಾಲಯಗಳಲ್ಲಿ ಸೋತು, ವಕೀಲರೂ ಕೈಬಿಟ್ಟ ತರುವಾಯ ಅವರು ಬರೆದ ಆ ಮನವಿಯನ್ನು ಸರ್ವೋಚ್ಚ ನ್ಯಾಯಾಲಯ 1961ರ ಮಾರ್ಚಿನಲ್ಲಿ ವಿಚಾರಣೆಗೆ ಎತ್ತಿಕೊಳ್ಳಲು ನಿರಾಕರಿಸಿತು. ಅದೇ ವರ್ಷದ ನವೆಂಬರಿನಲ್ಲಿ ಜ್ಯಾಕ್ ನಿಕೊಲ್ಸ್ ಎಂಬ ಯುವಕನೊಡನೆ ಸೇರಿ ಅವರು, ಸಲಿಂಗಪ್ರೇಮಿಗಳ ಹಕ್ಕಿಗಾಗಿ ಹೋರಾಡುವ ವಾಷಿಂಗ್ಟನ್ನಿನ ಮ್ಯಾಟಷೀನ್ ಸೊಸೈಟಿಯನ್ನು ಸ್ಥಾಪಿಸಿದರು.

ಈ ಕಥೆಯ ಮುಂದಿನ ಭಾಗ ಈಗ ಎಲ್ಲರಿಗೂ ತಿಳಿದದ್ದು. 1973ರ ಡಿಸೆಂಬರಿನಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ತನ್ನ ರೋಗಗಳ ಪಟ್ಟಿಯಿಂದ ತೆಗೆಯಿತು. 1975ರಲ್ಲಿ ಕೇಂದ್ರದ ನೌಕರಿಯ ನಿಷೇಧ ಬಹುಮಟ್ಟಿಗೆ ರದ್ದಾಯಿತು. 2009ರಲ್ಲಿ, ಯಾವ ಸಿವಿಲ್ ಸರ್ವಿಸ್ ಆಯೋಗ ಅವರನ್ನು ಹೊರಹಾಕಿತ್ತೋ ಅದರ ಉತ್ತರಾಧಿಕಾರಿಯಾದ ಇಲಾಖೆಯ ಮುಖ್ಯಸ್ಥ ಜಾನ್ ಬೆರಿ, ತಾವೂ ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡವರು, ಸರಕಾರದ ಪರವಾಗಿ ವಿಧ್ಯುಕ್ತವಾಗಿ ಕ್ಷಮೆ ಕೇಳಿದರು. ಚಿತ್ರವನ್ನು ಆ ಕ್ಷಮಾಯಾಚನೆಯಿಂದಲೇ ಆರಂಭಿಸಬೇಕೆಂದು ನನಗೆ ಬುದ್ಧಿ ಹೇಳಿದವರು ಅನೇಕರು. ನೋಡುವವರಿಗೆ ಮೊದಲಲ್ಲೇ ಸಮಾಧಾನ ಸಿಕ್ಕುತ್ತದೆ, ಆಮೇಲೆ ಅವರು ಎಂಥ ಕಷ್ಟವನ್ನಾದರೂ ತಾಳ್ಮೆಯಿಂದ ನೋಡುತ್ತಾರೆ ಎಂಬುದು ಅವರ ತರ್ಕ. ಆ ಸಲಹೆಯನ್ನು ನಾನು ಬಹುಕಾಲ ಮನಸ್ಸಿನಲ್ಲಿ ಮಥಿಸಿ, ಕಡೆಗೆ ಬಿಟ್ಟೆನು. ಏಕೆಂದರೆ, 1961ರಲ್ಲಿ ಮನವಿಯ ಕೊನೆಯ ಪುಟವನ್ನು ಬೆರಳಚ್ಚು ಮಾಡಿ ಮುಗಿಸಿದ ಮನುಷ್ಯನಿಗೆ 2009 ಎಂಬ ವರ್ಷ ಗೋಚರವಾಗಿರಲಿಲ್ಲ. ಅವನ ಪಾಲಿಗೆ ನ್ಯಾಯಾಲಯ, ವೈದ್ಯಶಾಸ್ತ್ರ, ಧರ್ಮಪೀಠ, ಪತ್ರಿಕೆ, ನೆರೆಹೊರೆ ಇವೆಲ್ಲವೂ ವಿರುದ್ಧವಾಗಿದ್ದುವು. ತಾನು ಸರಿಯೆಂಬುದಕ್ಕೆ ಅವನಲ್ಲಿದ್ದ ಪ್ರಮಾಣ ಅವನ ಸ್ವಂತ ವಿಚಾರಶಕ್ತಿಯೊಂದೇ. ಕೊನೆಯ ಗೆಲುವನ್ನು ಮೊದಲೇ ತೋರಿಸಿಬಿಟ್ಟರೆ ಆ ಏಕಾಂಗಿತನದ ಭಾರವನ್ನು ನೋಡುವವನು ಹೊರಲಾರ. ಎಲ್ಲವೂ ಒಳ್ಳೆಯದಕ್ಕೇ ನಡೆಯುತ್ತಿದೆಯೆಂಬ ಭ್ರಮೆ ಅವನಿಗುಂಟಾಗುತ್ತದೆ. ನಮ್ಮ ಚಿತ್ರದಲ್ಲಿ ಪ್ರತಿಯೊಂದು ವರ್ಷವೂ, ಆ ವರ್ಷದವರಿಗೆ ತಿಳಿದಿದ್ದಷ್ಟನ್ನೇ ತಿಳಿದಿರತಕ್ಕದ್ದು ಎಂಬ ನಿಯಮವನ್ನು ನಾನು ಮಾಡಿಕೊಂಡೆನು. ಸಂಕಲನದ ಎಷ್ಟೋ ಕಷ್ಟಗಳನ್ನು ಈ ನಿಯಮವೊಂದೇ ಪರಿಹರಿಸಿತು.

ಎರಡನೆಯ ಸಮಸ್ಯೆ ಇದಕ್ಕಿಂತ ಸ್ಥೂಲವಾದದ್ದು. ಕ್ಯಾಮೆನಿಯವರ ಆಯುಧ ಕಾಗದ. ಅವರ ಮನೆಯಲ್ಲಿ ದಶಕಗಳ ಕಾಲ ರಾಶಿಬಿದ್ದಿದ್ದು, 2006ರಲ್ಲಿ ಕಾಂಗ್ರೆಸ್ಸಿನ ಗ್ರಂಥಾಲಯಕ್ಕೆ ಸೇರಿದ ಕಾಗದಪತ್ರಗಳ ಸಂಖ್ಯೆ ಹತ್ತಾರು ಸಾವಿರ. ಅಧ್ಯಕ್ಷರಿಗೆ, ಸಂಸತ್ಸದಸ್ಯರಿಗೆ, ಸೇನಾಧಿಕಾರಿಗಳಿಗೆ, ವೈದ್ಯರಿಗೆ ಅವರು ಬರೆದರು. ತಮ್ಮ ಸೊಸೈಟಿಯ ಸಂಚಿಕೆಯನ್ನು ಎಫ್.ಬಿ.ಐ. ಮುಖ್ಯಸ್ಥ ಎಡ್ಗರ್ ಹೂವರನ ವಿಳಾಸಕ್ಕೇ ಕಳುಹಿಸುತ್ತಿದ್ದರು, ನಿಲ್ಲಿಸಿರೆಂದು ಅಲ್ಲಿಯವರು ಹೇಳಿದಾಗ ನಿಲ್ಲಿಸಲು ಒಪ್ಪಲಿಲ್ಲ. ಆದರೆ ಕಾಗದವನ್ನು ಪರದೆಯ ಮೇಲೆ ತೋರಿಸುವುದು ಹೇಗೆ? ಹಸ್ತಪ್ರತಿ ವಿಭಾಗದ ಓದುಕೋಣೆಯಲ್ಲಿ ಲೇಖನಿಗೆ ಪ್ರವೇಶವಿಲ್ಲ, ಪೆನ್ಸಿಲು ಮಾತ್ರ. ಒಂದು ಸಲಕ್ಕೆ ಒಂದೇ ಕಡತವನ್ನು ಬಿಚ್ಚಿ, ಹಾಳೆಗಳ ಕ್ರಮ ಕೆಡದಂತೆ ಮಗುಚಬೇಕು. ಹಾಗೆ ನಿಧಾನವಾಗಿ ಓದುತ್ತಿದ್ದಾಗಲೇ ನನಗೆ ಉತ್ತರ ಹೊಳೆಯಿತು. ಒಂದು ಪತ್ರವನ್ನು ಮಾತ್ರ ತೋರಿಸಿದರೆ ಅದು ಜಡವಸ್ತು. ಆ ಪತ್ರಕ್ಕೆ ಬಂದ ಉತ್ತರವನ್ನೂ, ಆ ಉತ್ತರಕ್ಕೆ ಅವರು ಬರೆದ ಪ್ರತ್ಯುತ್ತರವನ್ನೂ ಜೊತೆಗಿಟ್ಟರೆ ಅದು ವಾದವಾಗುತ್ತದೆ, ವಾದದಲ್ಲಿ ಮನುಷ್ಯರ ಮುಖ ಕಾಣುತ್ತದೆ. ಆದ್ದರಿಂದ ನೂರಾರು ಪತ್ರಗಳ ತುಣುಕುಗಳನ್ನು ಹೊಂದಿಸುವ ಆಸೆಯನ್ನು ಬಿಟ್ಟು, ಕೆಲವೇ ಪತ್ರವ್ಯವಹಾರಗಳನ್ನು ಮೊದಲಿನಿಂದ ಕೊನೆಯವರೆಗೆ, ಕಛೇರಿಯ ಮೊಹರು, ದಿನಾಂಕ, ಕೆಳಗಿನ ಸಹಿ ಸಮೇತ, ಅವಸರವಿಲ್ಲದೆ ತೋರಿಸಿದೆನು.

ಆ ಕಾಲದ ದೃಶ್ಯಗಳ ವಿಷಯದಲ್ಲಿ ನಮ್ಮ ಋಣವೆಲ್ಲ ಇಬ್ಬರು ಸ್ತ್ರೀಯರಿಗೆ ಸಲ್ಲತಕ್ಕದ್ದು. 1965ರಿಂದ 1969ರವರೆಗೆ ಪ್ರತಿ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ಫಿಲಡೆಲ್ಫಿಯದ ಇಂಡಿಪೆಂಡೆನ್ಸ್ ಹಾಲ್ ಎದುರಿನಲ್ಲಿ ಕ್ಯಾಮೆನಿ ಮತ್ತು ಅವರ ಸಂಗಡಿಗರ ಸಣ್ಣ ಗುಂಪು ಫಲಕಗಳನ್ನು ಹಿಡಿದು ವೃತ್ತಾಕಾರವಾಗಿ ನಡೆಯುತ್ತಿತ್ತು. ಸಲಿಂಗಪ್ರೇಮಿಯೆಂದು ಸೇನೆಯಿಂದ ತೆಗೆಯಲ್ಪಟ್ಟಿದ್ದ ಲಿಲಿ ವಿನ್ಸೆನ್ಸ್, 1968ರ ಆ ನಡಿಗೆಯನ್ನು 16 ಮಿಲಿಮೀಟರ್ ಕಪ್ಪುಬಿಳುಪು ಫಿಲ್ಮಿನಲ್ಲಿ ಸೆರೆಹಿಡಿದು, 'ದಿ ಸೆಕೆಂಡ್ ಲಾರ್ಜೆಸ್ಟ್ ಮೈನಾರಿಟಿ' ಎಂಬ ಕಿರುಚಿತ್ರವನ್ನು ಮಾಡಿದರು. ಕೇ ಲಾಹುಸೆನ್ ಆ ವರ್ಷಗಳನ್ನು ಸ್ಥಿರಚಿತ್ರಗಳಲ್ಲಿ ದಾಖಲಿಸಿದರು. ಅವು ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿವೆ. 1965ರ ಏಪ್ರಿಲ್ 17ರಂದು ಶ್ವೇತಭವನದ ಎದುರು ನಡೆದ ಮೊದಲ ಪ್ರದರ್ಶನದಲ್ಲಿ ಪಾಲ್ಗೊಂಡವರು ಹತ್ತೇ ಮಂದಿ, ಪತ್ರಿಕೆಗಳೂ ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. ಆದರೆ ಅವರು ಹಿಡಿದಂಥ ಫಲಕಗಳು ಇಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಆಸ್ತಿ. ಸ್ವತಂತ್ರ ಚಿತ್ರಕಾರನಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅಮೆರಿಕದ ಕೇಂದ್ರ ಸರಕಾರದ ನೌಕರರು ಕರ್ತವ್ಯದ ಮೇಲೆ ತಯಾರಿಸಿದ ಚಿತ್ರ, ವರದಿಗಳಿಗೆ ಅಲ್ಲಿ ಕೃತಿಸ್ವಾಮ್ಯವಿಲ್ಲ; ಖಾಸಗಿಯವರು ತೆಗೆದದ್ದಕ್ಕೆ ಉಂಟು. ಗ್ರಂಥಾಲಯ ವಸ್ತುವಿನ ಒಡೆಯನಾದರೂ ಹಕ್ಕಿನ ಒಡೆಯನಾಗಿರಬೇಕಾದ್ದಿಲ್ಲ. ಯಾವ ದೃಶ್ಯದ ಹಕ್ಕು ಯಾರದು, ಅನುಮತಿ ಬಂದಿದೆಯೆ, ಎಷ್ಟು ಕಾಲಕ್ಕೆ, ಯಾವ ದೇಶಗಳಿಗೆ ಎಂಬುದನ್ನೆಲ್ಲ ಮೊದಲನೆಯ ದಿನದಿಂದ ಒಂದು ಪುಸ್ತಕದಲ್ಲಿ ಬರೆದಿಡುವವನು ಕೊನೆಯಲ್ಲಿ ಬದುಕಿಕೊಳ್ಳುತ್ತಾನೆ. ಹಣಕ್ಕೆ ಸಂಬಂಧಿಸಿದ ಉಳಿದ ಸಂಗತಿಗಳನ್ನು ನಾನು ವಿಸ್ತರಿಸುವುದಿಲ್ಲ. ಸ್ನೇಹಿತರು ಕೊಟ್ಟರು, ಅಪರಿಚಿತರೂ ಕೊಟ್ಟರು, ಸಾಲದೆ ಬಂದದ್ದನ್ನು ಸಂಪಾದನೆಯಿಂದ ತುಂಬಿಸಿದೆನು.

ಆ ಕಾಲದಲ್ಲಿ ಸರಕಾರಿ ಗುಮಾಸ್ತರಾಗಿದ್ದು, ತಮ್ಮ ಮೇಲೆ ವಿಚಾರಣೆ ಬರುವ ಮೊದಲೇ ರಾಜೀನಾಮೆ ಕೊಟ್ಟಿದ್ದ ಒಬ್ಬ ವೃದ್ಧರನ್ನು ನಾನು ಮಾತನಾಡಿಸಿದೆನು. ಎಂಬತ್ತನ್ನು ಮೀರಿದ ಅವರು ತಮ್ಮ ಅನುಭವವನ್ನೆಲ್ಲ ಹೇಳಿದರು; ಆದರೆ ಮುಖವನ್ನಾಗಲಿ ಹೆಸರನ್ನಾಗಲಿ ಹೊರಗೆಡಹಲು ಒಪ್ಪಲಿಲ್ಲ. ಕಾನೂನು ಬದಲಾಗಿದೆ, ಅವರನ್ನು ಪೀಡಿಸಬಲ್ಲವರು ಯಾರೂ ಉಳಿದಿಲ್ಲ, ಇನ್ನೇಕೆ ಅಂಜಿಕೆಯೆಂದು ಅವರನ್ನು ಒಲಿಸಿಕೊಳ್ಳುವುದು ನನಗೆ ಅಸಾಧ್ಯವಾಗಿರಲಿಲ್ಲ. ಆದರೆ ಅರ್ಧ ಶತಮಾನ ಒಬ್ಬ ಮನುಷ್ಯ ಕಾಪಾಡಿಕೊಂಡು ಬಂದ ಮರೆಯನ್ನು, ನನ್ನ ಚಿತ್ರಕ್ಕೆ ಕಳೆಗಟ್ಟಲೆಂದು ನಾನು ಎಳೆದುಹಾಕುವುದು ಯಾವ ನ್ಯಾಯ? 1972ರಲ್ಲಿ ಡಲ್ಲಾಸಿನ ಮನೋವೈದ್ಯರ ಸಮ್ಮೇಳನದಲ್ಲಿ ಕ್ಯಾಮೆನಿ ಮತ್ತು ಅವರ ಚಳವಳಿಯ ಸಂಗಾತಿ ಬಾರ್ಬರಾ ಗಿಟಿಂಗ್ಸ್ ಅವರ ಪಕ್ಕದಲ್ಲಿ ಕುಳಿತು, ತಾನೂ ಸಲಿಂಗಪ್ರೇಮಿಯೆಂದು ತನ್ನ ವೃತ್ತಿಬಾಂಧವರಿಗೆ ಹೇಳಿದ ವೈದ್ಯ ಜಾನ್ ಫ್ರಾಯರ್ ಮುಖವಾಡ ಧರಿಸಿ, ಧ್ವನಿಯನ್ನೂ ಯಂತ್ರದಿಂದ ಮಾರ್ಪಡಿಸಿಕೊಂಡು ಬಂದಿದ್ದರು. ಆ ಮುಖವಾಡವೇ ಸಭೆಗೆ ಎಲ್ಲವನ್ನೂ ಹೇಳಿತು. ನಮ್ಮ ವೃದ್ಧರ ಧ್ವನಿಯನ್ನು ಮಾತ್ರ, ಅವರು ಕೇಳಿ ಒಪ್ಪಿದ ಭಾಗಗಳಲ್ಲಿ ಮಾತ್ರ, ಬಳಸಿದೆನು. ಒಪ್ಪಿಗೆಯೆಂಬುದು ಕ್ಯಾಮೆರಾದ ಮುಂದೆ ಒಂದು ಕಾಗದಕ್ಕೆ ಸಹಿ ಹಾಕಿದ ಕ್ಷಣಕ್ಕೆ ಮುಗಿಯತಕ್ಕದ್ದಲ್ಲ. ಜೋಡಣೆಯಾದ ಮೇಲೆ ಅವರ ಮುಂದೆ ಕುಳಿತು, ಅವರ ಮಾತು ಎಲ್ಲಿ, ಯಾವುದರ ಪಕ್ಕದಲ್ಲಿ ಬಂದಿದೆಯೆಂದು ತೋರಿಸಿ, ಮತ್ತೊಮ್ಮೆ ಕೇಳಬೇಕು.

ಇನ್ನು ಮುಂದಾಳಿನ ದೋಷಗಳ ಪ್ರಶ್ನೆ. ಕ್ಯಾಮೆನಿ ಹಟಮಾರಿ, ದೊಡ್ಡ ಗಂಟಲಿನವರು, ಅನ್ಯರ ಅಭಿಪ್ರಾಯವನ್ನು ತಾಳುವ ಸಹನೆ ಕಡಮೆ. ಪ್ರದರ್ಶನಕ್ಕೆ ಬರುವ ಗಂಡಸರು ಕೋಟು ಟೈ, ಹೆಂಗಸರು ಲಂಗ ಧರಿಸಿಯೇ ಬರಬೇಕೆಂಬುದು ಅವರ ಕಟ್ಟಳೆ. ಉದ್ಯೋಗದ ಹಕ್ಕನ್ನು ಕೇಳುವವರು ಉದ್ಯೋಗಸ್ಥರಂತೆಯೇ ಕಾಣಿಸಬೇಕೆಂಬುದು ಅದರ ಹಿಂದಿನ ವಾದ. 1969ರ ಜುಲೈ 4ರಂದು, ನ್ಯೂಯಾರ್ಕಿನಲ್ಲಿ ಸಲಿಂಗಪ್ರೇಮಿಗಳು ಪೊಲೀಸರನ್ನೆದುರಿಸಿದ ಸ್ಟೋನ್‌ವಾಲ್ ದಂಗೆಯಾಗಿ ಒಂದು ವಾರವೂ ಕಳೆದಿರದಾಗ, ಫಿಲಡೆಲ್ಫಿಯದ ನಡಿಗೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಕೈಹಿಡಿದುಕೊಂಡು ನಡೆದರು. ಕ್ಯಾಮೆನಿ ಮುನ್ನುಗ್ಗಿ ಅವರ ಕೈಗಳನ್ನು ಬಿಡಿಸಿದರು. ಆ ಸಾಲಿನಲ್ಲಿದ್ದ ಕ್ರೇಗ್ ರಾಡ್ವೆಲ್ ಸ್ಥಳದಲ್ಲೇ ಸಿಟ್ಟಾದರು, ಮರುವರ್ಷದ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಹೊರಟ ಮೆರವಣಿಗೆಗೆ ಅವರೇ ಮುಖ್ಯ ಪ್ರೇರಕರಾದರು. ಈ ಘಟನೆಯನ್ನು ಬಿಡುವುದು ಲೇಸೆಂದು, ಕ್ಯಾಮೆನಿಯವರನ್ನು ಪ್ರೀತಿಸುತ್ತಿದ್ದ ಕೆಲವರು ನನ್ನಲ್ಲಿ ಕೇಳಿಕೊಂಡರು. ಅವರ ಪ್ರೀತಿಯನ್ನು ಗೌರವಿಸುತ್ತೇನೆ, ಘಟನೆಯನ್ನು ಉಳಿಸಿಕೊಂಡೆನು. ಹತ್ತು ಮಂದಿಯ ಸಾಲನ್ನು ಶ್ವೇತಭವನದ ಮುಂದೆ ನಿಲ್ಲಿಸುವುದಕ್ಕೆ ಬೇಕಾಗಿದ್ದ ಆ ಬಿಗಿಯೇ, ಸಾವಿರಾರು ಮಂದಿ ಬೀದಿಗಿಳಿಯುವ ಕಾಲದಲ್ಲಿ ಅಡ್ಡಿಯಾಯಿತೆಂಬುದು ನಿಜವಾದ ಇತಿಹಾಸ. ಚಳವಳಿಯ ಮೊದಲಿಗನನ್ನು ಪೂಜಾರ್ಹ ವಿಗ್ರಹ ಮಾಡಿಟ್ಟರೆ, ಅವನಿಂದ ಬೇರೆಯಾಗಿ ಮುಂದೆ ಹೋದವರ ಧೈರ್ಯ ಯಾರ ಕಣ್ಣಿಗೂ ಬೀಳದು.

ಚಿತ್ರದ ಕರಡನ್ನು ನೋಡಿದವರಲ್ಲಿ, ಮಗನ ಮನೆಗೆಂದು ಶಿವಮೊಗ್ಗದಿಂದ ಬಂದಿದ್ದ ಒಬ್ಬ ಹಿರಿಯರಿದ್ದರು. ಖಜಾನೆಯಲ್ಲಿ ದುಡಿದು ನಿವೃತ್ತರಾದವರು. ಇಂಥ ವಿಷಯ ಅವರಿಗೆ ರುಚಿಸೀತೋ ಇಲ್ಲವೋ ಎಂದು ಮನೆಯವರಿಗೆಲ್ಲ ಸಂಕೋಚ. ಮುಗಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಪ್ಪಾ, ಆತನ ಸರ್ವಿಸ್ ರಿಜಿಸ್ಟರಿನಲ್ಲಿ ಏನೆಂದು ಬರೆದರು? ಕೆಲಸದಲ್ಲಿ ತಪ್ಪು ಹುಡುಕಿದರೇನು?" ಎಂದು ಕೇಳಿದರು. ಕೆಲಸದಲ್ಲಿ ತಪ್ಪೇನೂ ಇರಲಿಲ್ಲವೆಂದೂ, ಹಿಂದೊಮ್ಮೆ ಪೊಲೀಸರು ಹಿಡಿದಿದ್ದ ಸಂಗತಿಯನ್ನು ಅರ್ಜಿಯಲ್ಲಿ ಸರಿಯಾಗಿ ನಮೂದಿಸಲಿಲ್ಲವೆಂಬುದನ್ನು ನೆಪಮಾಡಿಕೊಂಡರೆಂದೂ ಹೇಳಿದೆನು. "ಹಾಗಾದರೆ ಅದು ಅನ್ಯಾಯ. ಮೂವತ್ತು ವರ್ಷ ಕಡತ ನೋಡಿದವನು ನಾನು, ಹೊರಗೆ ಹಾಕಬೇಕೆಂದು ಮೊದಲೇ ನಿಶ್ಚಯಿಸಿ, ಆಮೇಲೆ ಕಾರಣ ಹುಡುಕುವುದನ್ನು ನಾನು ಬಲ್ಲೆ" ಎಂದರು. ಅವರ ಈ ಮಾತು ನನಗೆ ಎಷ್ಟೋ ವಿಮರ್ಶೆಗಳಿಗಿಂತ ಹೆಚ್ಚಿನದನ್ನು ಕೊಟ್ಟಿತು. ಅಲ್ಲಿಯವರೆಗೆ, ನೋಡುವವನ ಮನಸ್ಸನ್ನು ಪ್ರೇಮದ ಬಾಗಿಲಿನಿಂದ ಪ್ರವೇಶಿಸಬೇಕೆಂದು ನಾನು ಎಣಿಸಿದ್ದೆನು. ಸರಕಾರಿ ನೌಕರಿಯಿಂದಲೇ ಒಂದು ಇಡೀ ಕುಟುಂಬ ತಲೆಯೆತ್ತಿ ನಿಲ್ಲುವ ನಾಡಿನಿಂದ ಬಂದವನಿಗೆ ಅನ್ಯಾಯದ ಬಾಗಿಲೇ ಹತ್ತಿರದ್ದೆಂಬುದು ಆಗ ಸ್ಪಷ್ಟವಾಯಿತು. ವಜಾಪತ್ರದ ದೃಶ್ಯವನ್ನು ಚಿತ್ರದ ಆರಂಭಕ್ಕೆ ತಂದೆನು.

ಲಾಹುಸೆನ್ 2021ರಲ್ಲಿ ತೀರಿಕೊಂಡರು, ವಿನ್ಸೆನ್ಸ್ 2023ರಲ್ಲಿ. ಅವರು ತೆಗೆದ ಚಿತ್ರಗಳಿಲ್ಲದಿದ್ದರೆ ನನ್ನ ಚಿತ್ರ ಕಾಗದದಲ್ಲೇ ಉಳಿಯುತ್ತಿತ್ತು. ನಮ್ಮ ನಾಡಿನಲ್ಲಿಯೂ, 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ, ಸಲಿಂಗಪ್ರೇಮವನ್ನು ಅಪರಾಧವೆಂದೆಣಿಸಿದ್ದ 377ನೆಯ ವಿಧಿಯ ವಿಷಯದಲ್ಲಿ ತೀರ್ಪು ಕೊಡುವುದಕ್ಕೆ ಬಹಳ ಮುಂಚೆಯೇ, ಬೆಂಗಳೂರಿನಲ್ಲಿ ಈ ಕೆಲಸವನ್ನು ಹೊತ್ತವರಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್‌ನ ಕರ್ನಾಟಕ ಶಾಖೆ 2001ರಲ್ಲೇ ನಗರದ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯವನ್ನು ಕುರಿತು ವರದಿಯನ್ನು ಪ್ರಕಟಿಸಿತು. ಆಗ ಕರಪತ್ರ ಹಂಚಿದವರು, ಠಾಣೆಯ ಬಾಗಿಲಿನಲ್ಲಿ ಕಾದವರು, ಮನೆಯಿಂದ ಹೊರಬಿದ್ದವರಿಗೆ ತಮ್ಮ ಕೋಣೆಯಲ್ಲಿ ಜಾಗ ಕೊಟ್ಟವರು ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತು ಕನ್ನಡದಲ್ಲಿದೆ. ಕ್ಯಾಮೆರಾ ಇರುವ ತರುಣರು ಹಣ ಕೂಡಿಬರಲೆಂದು ಕಾಯದೆ ಅವರ ಬಳಿಗೆ ಹೋಗಬೇಕು, ಅವರು ಒಪ್ಪಿದಷ್ಟನ್ನು ಧ್ವನಿಮುದ್ರಿಸಿಕೊಳ್ಳಬೇಕು, ಅವರ ಕಾಗದಪತ್ರಗಳನ್ನು ರದ್ದಿಗೆ ಹೋಗದಂತೆ ಕಾಪಾಡಬೇಕೆಂದು ಕೇಳಿಕೊಳ್ಳುತ್ತೇನೆ. ಚಿತ್ರವನ್ನು ಆಮೇಲೆ ಮಾಡಬಹುದು.