ಹದಿನಾಲ್ಕರಲ್ಲೊಂದು ಲಾರಿ

'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹಳೆಯದು. ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಂಡು, ಅವರು ಗೆದ್ದರೂ ಸೋತರೂ ಎಣಿಕೆಗೆ ಹಿಡಿಯದಿರುವಾಗ ದೊಡ್ಡ ಹುಡುಗರು ಆಡುವ ಮಾತಿದು. ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ಪರೀಕ್ಷೆಯ ಓದನ್ನು ಬದಿಗಿಟ್ಟು ಮೊಳದುದ್ದದ ಲಾರಿಗೆ ಗಾಲಿ ಜೋಡಿಸುತ್ತ ಕುಳಿತುದನ್ನು ಕಂಡು ನನ್ನ ಸಹಪಾಠಿಗಳು ಇದೇ ಮಾತನ್ನಾಡಿ ನಕ್ಕದ್ದುಂಟು. ಅವರನ್ನು ದೂರುವುದಕ್ಕಲ್ಲ, ಈ ಆಟವು ಲೆಕ್ಕಕ್ಕೂ ಉಂಟೆಂಬುದನ್ನು ತಿಳಿಸುವುದಕ್ಕಾಗಿ ಈ ಲೇಖನವನ್ನು ಬರೆದಿದ್ದೇನೆ.

ರೇಡಿಯೋ ಅಲೆಗಳ ಮೂಲಕ ದೂರದಿಂದ ನಡೆಸಬಹುದಾದ, ನಿಜವಾದ ಲಾರಿಯನ್ನು ಎಲ್ಲ ಅಳತೆಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದ ಮಾದರಿಯೇ ನಮ್ಮ ವಿಷಯ. ತಂತಿಯ ಸಂಪರ್ಕವಿಲ್ಲದೆ ವಾಹನವನ್ನು ದೂರದಿಂದ ನಡೆಸಬಹುದೆಂಬುದನ್ನು ೧೮೯೮ರಲ್ಲಿಯೇ ನಿಕೋಲ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದು ಚಿಕ್ಕ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ನಡೆಸಿ ತೋರಿಸಿದ್ದನು. ಆ ವಿದ್ಯೆಯು ಹವ್ಯಾಸಿಗಳ ಕೈಗೆ ಬರಲು ಬಹುಕಾಲ ಹಿಡಿಯಿತು. ಜಪಾನಿನ ಶಿಜುಓಕ ನಗರದಲ್ಲಿ ೧೯೪೬ರಲ್ಲಿ ಮರದ ವ್ಯಾಪಾರಕ್ಕೆಂದು ಪ್ರಾರಂಭವಾದ ತಮಿಯಾ ಸಂಸ್ಥೆಯು ಮೊದಲು ಮರದ ಮಾದರಿಗಳನ್ನೂ, ೧೯೬೦ರಿಂದ ಪ್ಲಾಸ್ಟಿಕ್ ಮಾದರಿಗಳನ್ನೂ ಮಾಡತೊಡಗಿ, ೧೯೭೬ರಲ್ಲಿ ರೇಡಿಯೋ ಕಾರನ್ನು ಹೊರತಂದಿತು. ೧೯೯೦ರ ದಶಕದಲ್ಲಿ ಅದು ಅಮೆರಿಕದ ಉದ್ದ ಮೂತಿಯ ಲಾರಿಯನ್ನು ಹೋಲುವ 'ಕಿಂಗ್ ಹಾಲರ್' ಮಾದರಿಯನ್ನು ಹದಿನಾಲ್ಕರಲ್ಲೊಂದು ಪ್ರಮಾಣದಲ್ಲಿ ತಯಾರಿಸಿತು. ಜರ್ಮನಿಯ ವೆಡಿಕೋ ಸಂಸ್ಥೆಯ ಅಲ್ಯೂಮಿನಿಯಂ ಲಾರಿಗಳು ಹದಿನಾರರಲ್ಲೊಂದು ಪ್ರಮಾಣದವು. ಈಗ ಹವ್ಯಾಸಿಗಳಲ್ಲಿ ಹದಿನಾಲ್ಕರ ಪ್ರಮಾಣವೇ ಹೆಚ್ಚು ಬಳಕೆಯಲ್ಲಿದೆ.

ಎರಡು ವರ್ಷಗಳ ಕಾಲ ಸಂಜೆಯ ಹೊತ್ತು ಒಂದು ಮುದ್ರಣಾಲಯದಲ್ಲಿ ದುಡಿದು ಕೂಡಿಟ್ಟ ಹಣದಿಂದ, ಬೆಂಗಳೂರಿನ ಹವ್ಯಾಸಿಯೊಬ್ಬರು ಬಳಸಿ ಬಿಟ್ಟಿದ್ದ ಇಂಥದೊಂದು ಎಳೆಯುವ ಲಾರಿಯನ್ನು ನಾನು ಕೊಂಡೆನು. ಬಿಡಿಬಿಡಿಯಾಗಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದಾಗ ಅದರ ಅಂಗರಚನೆಯು ನನಗೆ ತಿಳಿಯಿತು. ಏಣಿಯನ್ನು ಮಲಗಿಸಿದಂತೆ ಎರಡು ಉದ್ದನೆಯ ಅಲ್ಯೂಮಿನಿಯಂ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಅಚ್ಚುಗಳ ಮೇಲೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ತಿರುವಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ಹೆಚ್ಚು ಸುತ್ತಲು ಅನುಕೂಲವಾಗುವ ಡಿಫರೆನ್ಷಿಯಲ್. ಮೂರು ಗೇರುಗಳ ಪೆಟ್ಟಿಗೆ. ದೊಡ್ಡ ಲಾರಿಯಲ್ಲಿ ಏನೇನಿದೆಯೋ ಬಹುಮಟ್ಟಿಗೆ ಅದೆಲ್ಲವೂ ಇಲ್ಲಿಯೂ ಇದೆ. ಇಂಜಿನ್ನಿಗೆ ಬದಲಾಗಿ ೭.೨ ವೋಲ್ಟಿನ ಬ್ಯಾಟರಿಯಿಂದ ತಿರುಗುವ ಮೋಟಾರು ಇರುವುದೊಂದೇ ಮುಖ್ಯ ವ್ಯತ್ಯಾಸ. ಮೊದಲನೆಯ ಗೇರಿನಲ್ಲಿ ಮೋಟಾರು ಸುಮಾರು ೩೨ ಸುತ್ತು ತಿರುಗಿದರೆ ಗಾಲಿಯು ಒಂದು ಸುತ್ತು ತಿರುಗುವುದು; ಮೂರನೆಯದರಲ್ಲಿ ಸುಮಾರು ೧೧ ಸುತ್ತು ಸಾಕು.

ನಡೆಸುವವನ ಕೈಯಲ್ಲಿರುವ ಪೆಟ್ಟಿಗೆಯಲ್ಲಿ ಎರಡು ಕಡ್ಡಿಗಳಿವೆ. ಪ್ರತಿಯೊಂದೂ ಮೇಲಕ್ಕೂ ಕೆಳಕ್ಕೂ, ಎಡಕ್ಕೂ ಬಲಕ್ಕೂ ಚಲಿಸುವುದರಿಂದ ಒಟ್ಟು ನಾಲ್ಕು ಬಗೆಯ ಆಜ್ಞೆಗಳನ್ನು ಕೊಡಬಹುದು: ದಿಕ್ಕು, ವೇಗ, ಗೇರು, ದೀಪ ಅಥವಾ ಹಾರ್ನು. ಮುಂಗಾಲಿಗಳನ್ನು ತಿರುಗಿಸುವ ಚಿಕ್ಕ ಯಂತ್ರಕ್ಕೆ ಸರ್ವೋ ಎಂದು ಹೆಸರು. ವಾಹನದಲ್ಲಿರುವ ಗ್ರಾಹಕವು ಅದಕ್ಕೆ ಸೆಕೆಂಡಿಗೆ ಸುಮಾರು ೫೦ ಸಲ ವಿದ್ಯುತ್ತಿನ ಒಂದೊಂದು ಮಿಡಿತವನ್ನು ಕಳುಹಿಸುವುದು. ಮಿಡಿತವು ಒಂದು ಮಿಲಿಸೆಕೆಂಡಿನಷ್ಟಿದ್ದರೆ ಒಂದು ಕೊನೆ, ಎರಡರಷ್ಟಿದ್ದರೆ ಇನ್ನೊಂದು ಕೊನೆ, ಒಂದೂವರೆಯಿದ್ದರೆ ನಡುಮಧ್ಯ. ಸರ್ವೋವು ತಾನಿರುವ ಸ್ಥಾನವನ್ನು ತಾನೇ ಅಳೆದುಕೊಂಡು, ಆಜ್ಞೆಗೂ ಸ್ಥಾನಕ್ಕೂ ವ್ಯತ್ಯಾಸವಿರುವವರೆಗೆ ತಿರುಗಿ, ವ್ಯತ್ಯಾಸ ಅಳಿದೊಡನೆ ನಿಲ್ಲುವುದು.

ಇನ್ನು ಲೆಕ್ಕಕ್ಕೆ ಬರೋಣ. ಉದ್ದವನ್ನು ಹದಿನಾಲ್ಕರಿಂದ ಭಾಗಿಸಿದರೆ ಎಲ್ಲವೂ ಹದಿನಾಲ್ಕರಲ್ಲೊಂದಾಗುವುದೆಂದು ನಾನು ಮೊದಲು ತಿಳಿದಿದ್ದೆನು. ಅದು ತಪ್ಪು. ಉದ್ದವು ೧೪ರಲ್ಲೊಂದಾದರೆ ಮೇಲ್ಮೈ ೧೪ರ ವರ್ಗವಾದ ೧೯೬ರಲ್ಲೊಂದೂ, ಗಾತ್ರ ಮತ್ತು ತೂಕಗಳು ೧೪ರ ಘನವಾದ ೨೭೪೪ರಲ್ಲೊಂದೂ ಆಗುವುವು. ಹೊರೆಸಮೇತ ೪೦ ಟನ್ನು ತೂಗುವ ಲಾರಿಯನ್ನು ನಿಷ್ಠೆಯಿಂದ ಕುಗ್ಗಿಸಿದರೆ ಸುಮಾರು ಹದಿನಾಲ್ಕೂವರೆ ಕಿಲೋಗ್ರಾಂ ಮಾತ್ರ ಉಳಿಯುವುದು. ತೊಲೆಯೊಂದರ ಬಲವು ಅದರ ಅಡ್ಡಕೊಯ್ತದ ವಿಸ್ತಾರವನ್ನು ಅವಲಂಬಿಸಿದೆ. ಆದುದರಿಂದ ಬಲವು ೧೯೬ರಲ್ಲೊಂದಕ್ಕೆ ಇಳಿದರೆ ತೂಕವು ೨೭೪೪ರಲ್ಲೊಂದಕ್ಕೆ ಇಳಿಯುವುದು. ಎಂದರೆ, ಮಾದರಿಯು ತನ್ನ ತೂಕಕ್ಕೆ ಹೋಲಿಸಿದರೆ ನಿಜವಾದ ಲಾರಿಗಿಂತ ಹದಿನಾಲ್ಕು ಪಟ್ಟು ಗಟ್ಟಿ. ತೆಳ್ಳನೆಯ ಪ್ಲೈವುಡ್ಡಿನ ಟ್ರೈಲರು ಬಾಗದಿರುವುದಕ್ಕೆ ಇದೇ ಕಾರಣ. ಆದರೆ ಅದೇ ಕಾರಣದಿಂದ ಸ್ಪ್ರಿಂಗುಗಳು ಬಿಗಿಯಾಗಿ, ಚಿಕ್ಕ ಕಲ್ಲಿನ ಮೇಲೂ ಲಾರಿಯು ಆಟಿಕೆಯಂತೆ ಕುಪ್ಪಳಿಸುವುದು. ಅನುಭವಿಗಳಾದ ಹವ್ಯಾಸಿಗಳು ಸ್ಪ್ರಿಂಗಿನಿಂದ ಒಂದೆರಡು ಪಟ್ಟಿಗಳನ್ನು ತೆಗೆದು, ಚೌಕಟ್ಟಿಗೆ ಸೀಸದ ತೂಕವನ್ನು ಸೇರಿಸುವರು.

ವೇಗದ ವಿಷಯವೂ ಹೀಗೆಯೇ. ಗಂಟೆಗೆ ೫೬ ಕಿಲೋಮೀಟರು ಓಡುವ ಲಾರಿಯ ವೇಗವನ್ನು ಹದಿನಾಲ್ಕರಿಂದ ಭಾಗಿಸಿದರೆ ೪ ಕಿಲೋಮೀಟರು, ಅಂದರೆ ಮನುಷ್ಯನ ನಡಿಗೆಯ ವೇಗ. ಇದಕ್ಕಿಂತ ಬೇಗ ಓಡಿಸಿದರೆ ಅದು ಲಾರಿಯಂತೆ ಕಾಣದೆ ಇಲಿಯಂತೆ ಕಾಣುವುದು. ಈ ಹವ್ಯಾಸದಲ್ಲಿ ಜಾಣತನವಿರುವುದು ವೇಗದಲ್ಲಲ್ಲ, ನಿಧಾನದಲ್ಲಿ.

ಲಾರಿಯಾಯಿತು; ಟ್ರೈಲರನ್ನು ನಾನೇ ಕಟ್ಟಲು ನಿರ್ಧರಿಸಿದೆ. ನಲವತ್ತು ಅಡಿಯ ಸರಕುಪೆಟ್ಟಿಗೆಯ ಉದ್ದ ೧೨.೧೯ ಮೀಟರು, ಅಗಲ ೨.೪೪ ಮೀಟರು. ಹದಿನಾಲ್ಕರಿಂದ ಭಾಗಿಸಿದಾಗ ೮೭ ಮತ್ತು ೧೭.೪ ಸೆಂಟಿಮೀಟರು ಬಂದವು. ಅಲ್ಯೂಮಿನಿಯಂ ಪಟ್ಟಿಯ ಚೌಕಟ್ಟು, ಪ್ಲೈವುಡ್ಡಿನ ನೆಲ, ಹಿಂದೆ ಎರಡು ಅಚ್ಚುಗಳು. ಟ್ರೈಲರಿನ ಮುಂತುದಿಯ ಕೆಳಗೆ ಒಂದು ಗೂಟವಿರುವುದು; ಅದು ಎಳೆಯುವ ಲಾರಿಯ ಬೆನ್ನಿನ ಮೇಲಿನ ತಟ್ಟೆಯ ಬಾಯಿಗೆ ಸಿಕ್ಕಿಕೊಂಡು ತಿರುಗುವುದು. ಈ ತಟ್ಟೆಗೆ 'ಐದನೆಯ ಚಕ್ರ'ವೆಂದು ಹೆಸರು. ಹಿಂದಿನ ಕಾಲದ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ತಿರುಗಲೆಂದು ಅಡ್ಡವಾಗಿ ಮಲಗಿಸುತ್ತಿದ್ದ ಚಕ್ರದಿಂದ ಈ ಹೆಸರು ಉಳಿದುಬಂದಿದೆ.

ಆರು ಕಿಲೋಗ್ರಾಂ ಮರಳನ್ನು ಚೀಲಗಳಲ್ಲಿ ತುಂಬಿ ಟ್ರೈಲರಿನ ಮೇಲಿಟ್ಟು, ಮನೆಯ ಮುಂದಿನ ಇಳಿಜಾರನ್ನು ಹತ್ತಿಸಲು ಹೊರಟೆನು. ಲಾರಿಯ ಹಿಂಗಾಲಿಗಳು ನಿಂತಲ್ಲಿಯೇ ಗರಗರನೆ ತಿರುಗಿದುವೇ ಹೊರತು ಲಾರಿಯು ಅಂಗುಲವೂ ಏರಲಿಲ್ಲ. ಮೋಟಾರು ಸಾಲದೆಂದು ಭಾವಿಸಿ, ಹೆಚ್ಚು ಬಲದ ಮೋಟಾರಿಗಾಗಿ ಮತ್ತೆ ಹಣ ಕೂಡಿಡುವ ಯೋಚನೆ ಮಾಡಿದೆನು.

ಇಲ್ಲಿ ನನ್ನ ತಂದೆಯವರ ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಅವರು ನಾಲ್ಕನೆಯ ತರಗತಿಯವರೆಗೆ ಓದಿದವರು. ಕ್ಲೀನರಾಗಿ ಸೇರಿ, ಮುಂದೆ ಚಾಲಕರಾಗಿ, ಇಪ್ಪತ್ತಾರು ವರ್ಷ ಲಾರಿ ನಡೆಸಿದವರು. "ನಿನ್ನ ಕೈಗೆ ಸ್ಟೀರಿಂಗು ಬರಬಾರದೆಂದೇ ನಾನು ಅದನ್ನು ಹಿಡಿದಿದ್ದೇನೆ" ಎಂದು ನಾನು ಕಾಲೇಜು ಸೇರಿದ ದಿನ ಹೇಳಿದ್ದರು. ಆದುದರಿಂದ ನಾನು ಲಾರಿಯ ಮಾದರಿಯನ್ನು ಅವರಿಲ್ಲದ ದಿನಗಳಲ್ಲಿ ಮಾತ್ರ ಹೊರತೆಗೆಯುತ್ತಿದ್ದೆನು. ಅಂದು ಅವರು ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ ಬಂದು, ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ನನಗೆ ತಿಳಿಯಲಿಲ್ಲ. ಬೈಗಳನ್ನು ನಿರೀಕ್ಷಿಸಿ ತಲೆ ತಗ್ಗಿಸಿದೆನು. ಅವರು ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಳಿತು, "ಲೋಡೆಲ್ಲ ಹಿಂದಕ್ಕೆ ಹಾಕಿದ್ದೀಯಲ್ಲೋ. ಗಾಡಿಯ ಬೆನ್ನಿನ ಮೇಲೆ ಭಾರ ಕೂರದಿದ್ದರೆ ಗಾಲಿ ನೆಲ ಹಿಡಿಯುವುದು ಹೇಗೆ?" ಎಂದು, ಚೀಲಗಳನ್ನು ತಾವೇ ಮುಂದಕ್ಕೆ ಸರಿಸಿದರು. ಲಾರಿಯು ಒಂದೇ ಉಸಿರಿಗೆ ಇಳಿಜಾರನ್ನು ಹತ್ತಿತು.

ಆ ರಾತ್ರಿ ನಾನು ಕಾಗದದ ಮೇಲೆ ಲೆಕ್ಕ ಹಾಕಿದೆನು. ಗೂಟದಿಂದ ಹಿಂದಿನ ಅಚ್ಚುಗಳ ನಡುವಿಗೆ ೬೦ ಸೆಂಟಿಮೀಟರು. ನಾನು ಆರು ಕಿಲೋಗ್ರಾಂ ಹೊರೆಯನ್ನು ಅಚ್ಚುಗಳಿಂದ ೧೫ ಸೆಂಟಿಮೀಟರು ಮುಂದೆ ಇಟ್ಟಿದ್ದೆನು. ಸನ್ನೆಗೋಲಿನ ನಿಯಮದಂತೆ ಗೂಟದ ಮೇಲೆ ಬಿದ್ದ ಭಾರವು ಆರರ ಕಾಲುಭಾಗ, ಒಂದೂವರೆ ಕಿಲೋಗ್ರಾಂ. ತಂದೆಯವರು ಅದನ್ನು ೩೦ ಸೆಂಟಿಮೀಟರಿಗೆ ಸರಿಸಿದಾಗ ಅದು ಆರರ ಅರ್ಧ, ಮೂರು ಕಿಲೋಗ್ರಾಂ ಆಯಿತು. ಎಳೆಯುವ ಗಾಲಿಗಳಿಗೆ ಹೊರೆಯಿಂದ ಸಿಕ್ಕ ಒತ್ತಡವು ಇಮ್ಮಡಿಯಾಯಿತು. ನಾನು ಪ್ರೌಢಶಾಲೆಯಲ್ಲಿ ಸನ್ನೆಗೋಲಿನ ನಿಯಮವನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ಪಡೆದವನು. ಆ ನಿಯಮದ ಹೆಸರನ್ನೇ ಕೇಳದವರು ಅದನ್ನು ನೋಡಿದ ಮಾತ್ರಕ್ಕೆ ಪ್ರಯೋಗಿಸಿದರು.

ಟ್ರೈಲರನ್ನು ಹಿಮ್ಮೆಟ್ಟಿಸುವುದು ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಠಿಣವಾದ ಪಾಠ. ಟ್ರೈಲರಿನ ಬಾಲವು ಬಲಕ್ಕೆ ಹೋಗಬೇಕಾದರೆ ಲಾರಿಯ ಮುಂಗಾಲಿಗಳನ್ನು ಮೊದಲು ಎಡಕ್ಕೆ ತಿರುಗಿಸಬೇಕು. ಬಾಲವು ಹೊರಳತೊಡಗಿದೊಡನೆ ಬಲಕ್ಕೆ ತಿರುಗಿಸಿ ಅದನ್ನು ಹಿಂಬಾಲಿಸಬೇಕು. ಮುಂದೆ ಹೋಗುವಾಗ ಟ್ರೈಲರು ತಾನಾಗಿ ಸಾಲಿಗೆ ಬರುವುದು. ಹಿಂದೆ ಹೋಗುವಾಗ ಹುಟ್ಟಿದ ಓರೆಯು ತಾನಾಗಿಯೇ ಬೆಳೆಯುವುದು. ತಡೆಯದಿದ್ದರೆ ಲಾರಿಯೂ ಟ್ರೈಲರೂ ಚೂರಿಯ ಅಲಗಿನಂತೆ ಮಡಿಸಿಕೊಳ್ಳುವುವು. ಚಿಕ್ಕ ಟ್ರೈಲರಿಗಿಂತ ಉದ್ದನೆಯ ಟ್ರೈಲರೇ ವಾಸಿ. ಅದರ ಓರೆಯು ನಿಧಾನವಾಗಿ ಬೆಳೆಯುವುದರಿಂದ ತಿದ್ದಲು ಸಮಯವಿರುವುದು. ನಡಿಗೆಯ ವೇಗದಲ್ಲಿ ಹಿಮ್ಮೆಟ್ಟುವ ಲಾರಿಯನ್ನು ಅನುಕರಿಸಬೇಕಾದರೆ ಮಾದರಿಯು ಸೆಕೆಂಡಿಗೆ ೮ ಸೆಂಟಿಮೀಟರು ಮಾತ್ರ ಚಲಿಸಬೇಕು. ಮೊದಲನೆಯ ಗೇರಿನ ಬೆಲೆ ತಿಳಿಯುವುದು ಆಗಲೇ.

ತಂದೆಯವರಿಗೆ ಕಡ್ಡಿಗಳನ್ನು ಕೊಟ್ಟಾಗ, ಇಪ್ಪತ್ತಾರು ವರ್ಷದ ಅನುಭವಿಯು ಮೂರು ಸಲವೂ ಟ್ರೈಲರನ್ನು ಮಡಿಸಿಬಿಟ್ಟರು. ಲಾರಿಯು ನಮ್ಮತ್ತ ಮುಖ ಮಾಡಿದಾಗ ಅದರ ಎಡವು ನಮ್ಮ ಬಲವಾಗುವುದೇ ಕಾರಣ. ನಾಲ್ಕನೆಯ ಸಲ ಅವರು ಎದ್ದು, ಲಾರಿಯ ಮುಖ ಯಾವ ಕಡೆಗಿತ್ತೋ ಅದೇ ಕಡೆಗೆ ತಾವೂ ಮುಖಮಾಡಿ ಅದರ ಪಕ್ಕದಲ್ಲಿಯೇ ನಿಂತು, ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತ ಅದರೊಡನೆ ಹೆಜ್ಜೆಹಾಕಿದರು. ಟ್ರೈಲರು ಎರಡು ಇಟ್ಟಿಗೆಗಳ ನಡುವೆ ನೆಟ್ಟಗೆ ಹೋಗಿ ನಿಂತಿತು. ಹೊಸದಾಗಿ ಕಲಿಯುವವರಿಗೆ ನಾನು ಹೇಳುವ ಉಪಾಯವೂ ಇದೇ.

ಇನ್ನು ಅಲಂಕಾರದ ಮಾತು. ಜಪಾನಿನಲ್ಲಿ ಲಾರಿಗಳನ್ನು ದೀಪಗಳಿಂದಲೂ ಚಿತ್ರಗಳಿಂದಲೂ ಸಿಂಗರಿಸುವ ಪದ್ಧತಿಯುಂಟು. ೧೯೭೫ರಿಂದ ೧೯೭೯ರವರೆಗೆ ಬಂದ 'ತೊರಾಕ್ಕು ಯಾರೋ' ಚಲನಚಿತ್ರಗಳಿಂದ ಅದು ಮನೆಮಾತಾಯಿತು. ನಮ್ಮ ಲಾರಿಗಳ ಹಿಂಬದಿಯ ಬಣ್ಣದ ಹೂಬಳ್ಳಿ, 'ಸೌಂಡ್ ಹಾರ್ನ್' ಬರಹಗಳನ್ನು ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ನಾನು ನನ್ನ ಲಾರಿಗೆ ಎಲ್.ಇ.ಡಿ. ದೀಪಗಳನ್ನು ಹಾಕಿದೆನು. ೭.೨ ವೋಲ್ಟಿನಲ್ಲಿ ದೀಪವು ೩.೨ನ್ನು ಬಳಸಿದರೆ ಉಳಿಯುವುದು ೪ ವೋಲ್ಟ್, ವಿದ್ಯುತ್ಪ್ರವಾಹವು ೦.೦೨ ಆಂಪಿಯರ್ ಇರಬೇಕಾದರೆ ೨೦೦ ಓಮ್ ತಡೆ ಬೇಕು. ಆಗತಾನೆ ತುಂಬಿದ ಬ್ಯಾಟರಿಯು ೮ ವೋಲ್ಟನ್ನು ಮೀರುವುದರಿಂದ ೨೭೦ ಓಮ್ ಹಾಕುವುದು ಕ್ಷೇಮ. ಇದನ್ನರಿಯದೆ ನಾನು ಸುಟ್ಟ ದೀಪಗಳು ನಾಲ್ಕು.

ಎಲ್ಲವೂ ಮುಗಿದ ಮೇಲೆ ತಂದೆಯವರು ಗಾಜಿನೊಳಗೆ ಇಣಿಕಿ ನೋಡಿ, "ಡ್ರೈವರೆಲ್ಲಿ?" ಎಂದರು. ಡ್ರೈವರು ಕುಳಿತುಕೊಳ್ಳುವ ಜಾಗದಲ್ಲಿ ತಂತಿಗಳೂ ಗ್ರಾಹಕವೂ ತುಂಬಿದ್ದುವು. ಬೋಲ್ಟಿನ ತಲೆಯವರೆಗೆ ಲೆಕ್ಕವಿಟ್ಟವನಿಗೆ ಅದೊಂದು ಕೊರತೆಯಾಗಿ ಕಂಡಿರಲಿಲ್ಲ. ತಂತಿಗಳನ್ನೆಲ್ಲ ಬಿಚ್ಚಿ ಆಸನದ ಕೆಳಕ್ಕೆ ಸರಿಸಲು ನನಗೆ ಎರಡು ವಾರ ಹಿಡಿಯಿತು. ಆ ಎರಡು ವಾರಗಳಲ್ಲಿ ರಾತ್ರಿ ಓಡಾಟದ ಬಗೆಗೆ, ಘಟ್ಟ ಇಳಿಯುವಾಗ ಗೇರನ್ನು ಬದಲಿಸದಿರುವ ಬಗೆಗೆ, ನಿದ್ದೆಯ ಬಗೆಗೆ ಅವರನ್ನು ಕೇಳಿದೆನು. ಇಪ್ಪತ್ತು ವರ್ಷ ಅವರ ದುಡಿಮೆಯಿಂದ ಉಂಡು ಓದಿದವನು ಅವರ ಕೆಲಸದ ವಿಷಯವಾಗಿ ಕೇಳಿದ್ದು ಅದೇ ಮೊದಲು.

ತಂದೆಯವರ ಎತ್ತರ ೧೬೮ ಸೆಂಟಿಮೀಟರು. ಹದಿನಾಲ್ಕರಿಂದ ಭಾಗಿಸಿದರೆ ಶೇಷವಿಲ್ಲದೆ ೧೨. ಅಷ್ಟೆತ್ತರದ ಆಳಿನ ಅಳತೆಗೆ ಮರದ ಬೊಂಬೆಯೊಂದನ್ನು ಕೆತ್ತಿ, ಖಾಕಿ ಬಣ್ಣ ಬಳಿದು, ಮೊಣಕಾಲು ಮಡಿಸಿ ಸ್ಟೀರಿಂಗಿನ ಹಿಂದೆ ಕೂರಿಸಿದ್ದೇನೆ. ಮುಖ ಸರಿಯಾಗಿ ಬಂದಿಲ್ಲ. ಆದರೆ ಬಲಗೈ ಕಿಟಕಿಯ ಮೇಲಿದೆ. ಲಾರಿಯನ್ನು ನೋಡಬಯಸುವ ಮಿತ್ರರೂ ಅಧ್ಯಾಪಕರೂ ಯಾವ ಭಾನುವಾರವಾದರೂ ನಮ್ಮ ಮನೆಗೆ ದಯಮಾಡಿಸಬಹುದು. ತಂದೆಯವರು ಊರಿನಲ್ಲಿರುವ ಭಾನುವಾರವಾದರೆ ಹಿಮ್ಮೆಟ್ಟಿಸುವ ಪಾಠವನ್ನು ಅವರೇ ಹೇಳಿಕೊಡುವರು.