ಹೋದ ವರ್ಷ ‘ಸಿ’, ಈ ವರ್ಷ ‘ಬಿ’: ಯಾವ ರಿಪೋರ್ಟ್ ನಂಬಲಿ?

ಪ್ರಶ್ನೆ: ನನಗೆ 46 ವರ್ಷ. ತೆಂಗಿನಗುಂಡಿಯಲ್ಲಿ ಮೀನಿನ ವ್ಯಾಪಾರ. ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಹಾಗಾಗಿ ಹೋದ ಮಳೆಗಾಲದಲ್ಲಿ, ಬೋಟುಗಳು ದಡದಲ್ಲಿದ್ದಾಗ, ಮ್ಯಾಮೊಗ್ರಾಂ ಮಾಡಿಸಿದೆ. ‘ಸ್ತನ ದಟ್ಟವಾಗಿದೆ, ಸಿ’ ಎಂದು ಬರೆದಿದ್ದರು. ಈ ವರ್ಷ ಬೇರೆ ಕಡೆ ಮಾಡಿಸಿದರೆ ‘ಬಿ’ ಎಂದಿದೆ. ಎರಡರಲ್ಲೂ ‘ಬೈರಾಡ್ಸ್ 2’ ಎಂದಿದೆ. ಅದನ್ನು ಕಂಡು ಮಗಳು ಎರಡನೇ ಹಂತದ ಕ್ಯಾನ್ಸರ್ ಎಂದುಕೊಂಡು ಅತ್ತಳು. ಒಂದೇ ವರ್ಷದಲ್ಲಿ ಸ್ತನ ಹೀಗೆ ಬದಲಾಗುತ್ತದೆಯೇ?

ಉತ್ತರ: ಮೊದಲು ಮಗಳಿಗೆ ಸಮಾಧಾನ ಹೇಳಿ. ಬೈರಾಡ್ಸ್ ಅಂಕೆ ಕ್ಯಾನ್ಸರಿನ ಹಂತವಲ್ಲ. 1 ಎಂದರೆ ಏನೂ ಇಲ್ಲ. 2 ಎಂದರೆ ಏನೋ ಕಂಡಿದೆ, ಆದರೆ ಅದು ನಿರಪಾಯಕಾರಿ. 3 ಬಂದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮತ್ತೆ ನೋಡುತ್ತಾರೆ, 4 ಅಥವಾ 5 ಬಂದರೆ ಬಯಾಪ್ಸಿ ಬೇಕು. 0 ಬಂದರೆ ಪರೀಕ್ಷೆ ಪೂರ್ತಿಯಾಗಿಲ್ಲ, ಇನ್ನೊಂದು ಚಿತ್ರವೋ ಸ್ಕ್ಯಾನಿಂಗೋ ಬೇಕು ಎಂದರ್ಥ. ಎರಡು ವರ್ಷವೂ ನಿಮಗೆ 2 ಬಂದಿರುವುದು ಒಳ್ಳೆಯ ಸುದ್ದಿ.

ಅಕ್ಷರದ ಕಥೆ ಬೇರೆ. ಎಕ್ಸ್-ರೇ ಚಿತ್ರದಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಹಾಲಿನ ಗ್ರಂಥಿ ಮತ್ತು ನಾರು ಬೆಳ್ಳಗೆ ಕಾಣುತ್ತವೆ. ಬಿಳಿ ಎಷ್ಟಿದೆ, ಹೇಗೆ ಹರಡಿದೆ ಎಂದು ನೋಡಿ ಎ, ಬಿ, ಸಿ, ಡಿ ಎಂದು ಬರೆಯುತ್ತಾರೆ. ಎ, ಬಿ ದಟ್ಟವಲ್ಲ. ಸಿ, ಡಿ ದಟ್ಟ. ತೊಂದರೆಯೆಂದರೆ ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಸಾಣಿಕಟ್ಟಾದ ಉಪ್ಪಿನ ರಾಶಿಯಲ್ಲಿ ಬಿದ್ದ ಬಿಳಿ ಕಲ್ಲಿನಂತೆ ಅದು ಕಣ್ಣು ತಪ್ಪಿಸಬಲ್ಲದು. ದಟ್ಟ ಸ್ತನದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆಯೂ ಸ್ವಲ್ಪ ಹೆಚ್ಚು. ಆದ್ದರಿಂದ ಈ ಅಕ್ಷರ ಬೇಕು. ಆದರೆ ಅದನ್ನು ರಕ್ತದ ಸಕ್ಕರೆಯಂತೆ ಯಂತ್ರವೇ ಅಳೆದು ಕೊಟ್ಟ ಅಂಕೆ ಎಂದುಕೊಳ್ಳಬೇಡಿ. ಬಹುತೇಕ ಕಡೆ ಅದು ಒಬ್ಬ ರೇಡಿಯಾಲಜಿಸ್ಟರು ಕಣ್ಣಂದಾಜಿನಿಂದ ಹೇಳಿದ ಮಾತು.

ಅಂದಾಜು ಎಷ್ಟು ಬದಲಾಗುತ್ತದೆ? ಅಮೆರಿಕದಲ್ಲಿ 83 ರೇಡಿಯಾಲಜಿಸ್ಟರು ಓದಿದ ಎರಡು ಲಕ್ಷಕ್ಕೂ ಹೆಚ್ಚು ಮ್ಯಾಮೊಗ್ರಾಂಗಳನ್ನು ತಾಳೆ ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಬ್ಬರು ತಾವು ನೋಡಿದ ನೂರರಲ್ಲಿ ಸುಮಾರು 6ನ್ನು ಮಾತ್ರ ದಟ್ಟ ಎಂದಿದ್ದರೆ, ಇನ್ನೊಬ್ಬರು 84ಕ್ಕೂ ಹೆಚ್ಚನ್ನು ದಟ್ಟ ಎಂದಿದ್ದರು. ಒಬ್ಬಳೇ ಮಹಿಳೆಯ ಒಂದರ ಹಿಂದೊಂದು ಚಿತ್ರಗಳನ್ನು ಬೇರೆ ಬೇರೆ ವೈದ್ಯರು ಓದಿದಾಗ, ನೂರರಲ್ಲಿ ಸುಮಾರು 17 ಮಂದಿ ದಟ್ಟದಿಂದ ದಟ್ಟವಲ್ಲದ ಕಡೆಗೋ, ಅಲ್ಲಿಂದ ಇತ್ತಲಿಗೋ ಸರಿದಿದ್ದರು. ನಿಮಗಾದದ್ದೂ ಅದೇ ಇರಬಹುದು. ಎ ಮತ್ತು ಡಿ ಎದ್ದು ಕಾಣುತ್ತವೆ, ಅಲ್ಲಿ ಜಗಳ ಕಡಿಮೆ. ಹೆಚ್ಚಿನ ಮಹಿಳೆಯರು ಬೀಳುವುದು ಬಿ ಅಥವಾ ಸಿಗೆ. ಆ ಎರಡರ ನಡುವಿನ ಗೆರೆಯೇ ಎಲ್ಲಕ್ಕಿಂತ ಮಸುಕು.

ನಿಯಮವೂ ಬದಲಾಗಿದೆ. ಮೊದಲು ಬಿಳಿ ಭಾಗ ಶೇಕಡಾ ಎಷ್ಟು ಎಂಬ ಲೆಕ್ಕವಿತ್ತು. 2013ರ ಬೈರಾಡ್ಸ್ ಆವೃತ್ತಿ ಅದನ್ನು ಕೈಬಿಟ್ಟಿತು. ಈಗ ಒಂದು ಮೂಲೆಯಲ್ಲಾದರೂ ಸಣ್ಣ ಗಡ್ಡೆ ಮರೆಯಾಗುವಷ್ಟು ಬಿಳಿ ಇದ್ದರೆ ಸಿ ಎನ್ನಬಹುದು. ಹಳೆಯ ಲೆಕ್ಕ ರೂಢಿಯಾದವರು ಅದನ್ನೇ ಬಿ ಎಂದಾರು. ಯಂತ್ರ ಬೇರೆಯಾದರೆ, ಸ್ತನವನ್ನು ಒತ್ತಿದ್ದು ಹೆಚ್ಚುಕಡಿಮೆಯಾದರೆ ಚಿತ್ರದ ಬಿಳುಪೂ ಬೇರೆ. ಸಾಂದ್ರತೆ ಅಳೆಯುವ ಸಾಫ್ಟ್‌ವೇರ್‌ಗಳಿವೆ, ಒಂದೇ ಚಿತ್ರಕ್ಕೆ ಅವು ಪ್ರತಿಸಲ ಒಂದೇ ಉತ್ತರ ಕೊಡುತ್ತವೆ. ಆದರೆ ಒಂದು ಕಂಪನಿಯದಕ್ಕೂ ಇನ್ನೊಂದರದಕ್ಕೂ ಪೂರ್ತಿ ತಾಳೆಯಾಗುವುದಿಲ್ಲ.

ಸ್ತನ ನಿಜವಾಗಿಯೂ ಬದಲಾಗುವುದುಂಟು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಗ್ರಂಥಿ ಕರಗಿ ಕೊಬ್ಬು ಹೆಚ್ಚುತ್ತದೆ. ತೂಕ ಏರಿಳಿದರೂ ವ್ಯತ್ಯಾಸವಾಗುತ್ತದೆ. ಹಾರ್ಮೋನ್ ಮಾತ್ರೆ ಸಾಂದ್ರತೆಯನ್ನು ಹೆಚ್ಚಿಸುತ್ತದೆ, ಟಾಮಾಕ್ಸಿಫೆನ್ ಕಡಿಮೆ ಮಾಡುತ್ತದೆ. ನಿಮ್ಮ ವಿಷಯದಲ್ಲಿ ಯಾವುದು ನಿಜವೆಂದು ರಿಪೋರ್ಟಿನ ಹಾಳೆ ಹೇಳಲಾರದು. ಎರಡೂ ವರ್ಷದ ಸಿ.ಡಿ. ಅಥವಾ ಫಿಲಂ ಹಿಡಿದುಕೊಂಡು ಒಬ್ಬರೇ ರೇಡಿಯಾಲಜಿಸ್ಟರ ಹತ್ತಿರ ಹೋಗಿ, ಪಕ್ಕಪಕ್ಕ ಇಟ್ಟು ನೋಡಲು ಕೇಳಿ. ಮಣಿಪಾಲಕ್ಕೋ ಮಂಗಳೂರಿಗೋ ಹೋಗುವ ನಮ್ಮ ಕರಾವಳಿಯ ಹೆಂಗಸರು ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು ಚಿತ್ರವನ್ನು ಕೌಂಟರಿನಲ್ಲೇ ಬಿಟ್ಟು ಬರುವುದನ್ನು ಕಂಡು ನನಗೆ ಸಂಕಟವಾಗುತ್ತದೆ. ಮುಂದಿನ ವೈದ್ಯರಿಗೆ ಬೇಕಿರುವುದು ಆ ಚಿತ್ರವೇ. ಸಾಧ್ಯವಾದರೆ ಪ್ರತಿಸಲ ಒಂದೇ ಕಡೆ ಮಾಡಿಸಿ. ಮುಟ್ಟು ಇನ್ನೂ ಬರುತ್ತಿದ್ದರೆ ಅದು ಮುಗಿದ ವಾರ ಹೋಗಿ, ಆಗ ಒತ್ತಿದಾಗ ನೋವು ಕಡಿಮೆ. ಆ ದಿನ ಕಂಕುಳಿಗೆ ಪೌಡರ್ ಬೇಡ. ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ದಾರಿ ತಪ್ಪಿಸುತ್ತವೆ.

ಚಿಕ್ಕಮ್ಮನಿಗೆ ಯಾವ ವಯಸ್ಸಿನಲ್ಲಿ ಬಂದಿತ್ತು ಎಂಬುದನ್ನೂ ವೈದ್ಯರಿಗೆ ತಿಳಿಸಿ. ಸ್ಕ್ಯಾನಿಂಗ್ ಬೇಕೇ ಎಂಬ ತೀರ್ಮಾನದಲ್ಲಿ ಆ ಮಾಹಿತಿಗೂ ಅಕ್ಷರದಷ್ಟೇ ತೂಕವಿದೆ.

ಪ್ರಶ್ನೆ: ವಯಸ್ಸು 38, ಊರು ಹೊನ್ನಾವರ. ಮುಟ್ಟಿಗೆ ಮೊದಲು ಸ್ತನ ಗಟ್ಟಿಯಾಗುತ್ತದೆ. ಇದೇ ದಟ್ಟ ಸ್ತನವೇ?

ಉತ್ತರ: ಅಲ್ಲ. ಕೈಗೆ ಗಟ್ಟಿಯೆನಿಸುವುದಕ್ಕೂ ಚಿತ್ರದಲ್ಲಿ ದಟ್ಟವಾಗಿರುವುದಕ್ಕೂ ಸಂಬಂಧವಿಲ್ಲ. ಮುಟ್ಟಾದ ಮೇಲೆ ಮೆತ್ತಗಾಗುತ್ತಿದ್ದರೆ ಹೆದರಬೇಡಿ. ಆದರೆ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೈಯಿಂದ ಸ್ತನ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ, ಅದನ್ನು ಬಿಡಬೇಡಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಅನುಸರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಪರೀಕ್ಷೆಯಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇಕಡಾ 30ರಷ್ಟು ಇಳಿದಿತ್ತು. ಚಿಕ್ಕವರಲ್ಲಿ ಸಾವು ಕಡಿಮೆಯಾಗಲಿಲ್ಲ, ಆದರೂ ರೋಗ ಬೇಗ ಪತ್ತೆಯಾಗಿತ್ತು.

ಪ್ರಶ್ನೆ: ಕುಮಟಾದಿಂದ ಬರೆಯುತ್ತಿದ್ದೇನೆ. ಹೆಂಡತಿಗೆ 41 ವರ್ಷ. ಎಡಸ್ತನದಲ್ಲಿ ಗಂಟು ಕೈಗೆ ಸಿಗುತ್ತದೆ. ಮ್ಯಾಮೊಗ್ರಾಂನಲ್ಲಿ ‘ಡಿ’ ಎಂದಿದೆ, ಗಡ್ಡೆ ಕಂಡಿಲ್ಲ. ಸೂಜಿ ಹಾಕಿದರೆ ಹರಡುತ್ತದೆ ಎಂದು ಮನೆಯ ಹಿರಿಯರು ಬೇಡ ಎನ್ನುತ್ತಾರೆ. ಆರು ತಿಂಗಳು ಕಾಯಬಹುದೇ?

ಉತ್ತರ: ಕಾಯಬೇಡಿ. ಡಿ ಎಂದರೆ ಚಿತ್ರದ ತುಂಬ ಬಿಳಿಯೇ. ಅಲ್ಲಿ ಗಡ್ಡೆ ಕಾಣಲಿಲ್ಲವೆಂದ ಮಾತ್ರಕ್ಕೆ ಕೈಗೆ ಸಿಕ್ಕ ಗಂಟು ಸುಳ್ಳಾಗುವುದಿಲ್ಲ. ಈ ವಾರವೇ ಶಸ್ತ್ರಚಿಕಿತ್ಸಾ ತಜ್ಞರಿಗೆ ತೋರಿಸಿ, ಗಂಟಿರುವ ಜಾಗದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಿ. ಸಂಶಯ ಉಳಿದರೆ ಕೋರ್ ಬಯಾಪ್ಸಿ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಸೂಜಿಯಿಂದ ಎಳೆಯಷ್ಟು ಮಾಂಸ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಸೂಜಿ ಹಾಕಿದ್ದರಿಂದ ರೋಗ ಹರಡಿ ಕೈಮೀರುತ್ತದೆ ಎಂಬುದು ನಿಜವಲ್ಲ. ತಡ ಮಾಡಿದ್ದರಿಂದ ಕೈಮೀರಿದವರನ್ನು ಮಾತ್ರ ನಾನು ಬಹಳ ಮಂದಿ ನೋಡಿದ್ದೇನೆ. ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಲಿ. ಮ್ಯಾಮೊಗ್ರಾಂ ಸಿ.ಡಿ. ಮರೆಯಬೇಡಿ.